ಭಾವನ ಫೋನಿಗೆ ಬಂದ ಆರು ಅಂಕಿ

ಅದು ಮಂಗಳವಾರವೇ ಇರಬೇಕು, ಯಾಕೆಂದರೆ ಅವತ್ತು ಮಧ್ಯಾಹ್ನ ಕರೆಂಟಿರಲಿಲ್ಲ ಎಂದು ಬರೆದು ಪೆನ್ನು ಎತ್ತಿಟ್ಟಿದ್ದೇನೆ. ಮಂಗಳವಾರಕ್ಕೂ ಕರೆಂಟಿಗೂ ಏನು ಸಂಬಂಧ ಎಂದು ನೀವು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಈ ಸಂಗತಿಯನ್ನು ಇಲ್ಲಿಯವರೆಗೆ ಮೂವರಿಗೆ ಹೇಳಿದ್ದೇನೆ. ಹೆಂಡತಿಗೆ ಹೇಳಿದ ಕಥೆಯಲ್ಲಿ ಕರೆಂಟಿತ್ತು, ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಪಕ್ಕದ ಟೈಪಿಂಗ್ ಅಂಗಡಿಯವರಿಗೆ ಹೇಳಿದ್ದರಲ್ಲಿ ಫ್ಯಾನು ನಿಂತುಹೋಯಿತು, ಯಾಕೆಂದರೆ ನಿಂತ ಫ್ಯಾನಿನ ಕೆಳಗೆ ಇಂಥದ್ದು ಚೆನ್ನಾಗಿ ಕೂರುತ್ತದೆ. ಮೂರನೆಯವಳು ನನ್ನ ಅಕ್ಕ. ಅವಳಿಗೆ ಹೇಳಿದ್ದರ ವಿಚಾರ ಆಮೇಲೆ ಬರುತ್ತದೆ. ಒಟ್ಟಿನಲ್ಲಿ, ನೆನೆಸಿಕೊಂಡಷ್ಟೂ ಅದು ಅಚ್ಚುಕಟ್ಟಾಗುತ್ತಿದೆ. ಅಚ್ಚುಕಟ್ಟಾದಷ್ಟೂ ನನಗೆ ಅದರ ಮೇಲೆ ಅನುಮಾನ ಹೆಚ್ಚುತ್ತಿದೆ.

ಅನುಮಾನ ನನ್ನ ಕಸುಬಿನಿಂದ ಅಂಟಿದ ಚಾಳಿ. ಶಿಕಾರಿಪುರದಲ್ಲಿ ತಾಲ್ಲೂಕು ಕಚೇರಿಗೆ ಹೋಗುವ ದಾರಿಯಲ್ಲಿ ನನ್ನದೊಂದು ಪತ್ರ ಬರೆಯುವ ಅಂಗಡಿ. ಕ್ರಯಪತ್ರ, ವಿಭಾಗಪತ್ರ, ಅಫಿಡವಿಟ್ಟು, ಪಹಣಿ ತಿದ್ದುಪಡಿಯ ಅರ್ಜಿ, ಹೀಗೆ ಜನ ಬಾಯಲ್ಲಿ ಹೇಳಿದ್ದನ್ನು ಕಾಗದಕ್ಕಿಳಿಸುವುದು ನನ್ನ ಕೆಲಸ. ಇಷ್ಟು ವರ್ಷದಲ್ಲಿ ಕಲಿತದ್ದೇನೆಂದರೆ, ಅಪ್ಪ ತನ್ನ ಹೊಲದ ಪೂರ್ವದ ಗಡಿಯೆಂದು ಹೇಳಿದ್ದ ಹುಣಸೆಮರ ಮಗನ ಕಾಲಕ್ಕೆ ಪಶ್ಚಿಮಕ್ಕೆ ನಡೆದುಹೋಗಿರುತ್ತದೆ. ಇಬ್ಬರೂ ಸುಳ್ಳು ಹೇಳಿರುವುದಿಲ್ಲ. ಇಬ್ಬರ ಕೈಯಲ್ಲೂ ‘ನನಗೆ ತಿಳಿದ ಮಟ್ಟಿಗೆ ಸತ್ಯ’ ಎಂದು ಸಹಿ ಹಾಕಿಸಿದವನು ನಾನೇ.

ಇನ್ನೊಂದು ಚಾಳಿಯೂ ಇದೆ. ಈಗ ಯಾವ ಅರ್ಜಿಯೂ ಮೊಬೈಲ್ ನಂಬರಿಲ್ಲದೆ ಮುಂದಕ್ಕೆ ಹೋಗುವುದಿಲ್ಲ. ಅಂಜನಾಪುರದ ಕಡೆಯಿಂದ ಬರುವ ಕುರಿ ಸಾಕುವವರು, ಒಬ್ಬೊಬ್ಬರೇ ಇರುವ ಮುದುಕಿಯರು, ಎಲ್ಲರ ಮಾತೂ ಒಂದೇ. “ನಿಮ್ದ ಹಾಕ್ರೀ, ನಮ್ದು ಯಾವಾಗ ನೋಡಿದ್ರೂ ಆಫ್ ಇರ್ತತಿ.” ಹಾಕುತ್ತೇನೆ. ಹಾಕಿ ಹಾಕಿ ನನ್ನ ಫೋನು ನನ್ನದಾಗಿ ಉಳಿದಿಲ್ಲ. ಅದನ್ನು ನಂಬುವುದಾದರೆ ನನಗೆ ಹತ್ತು ಊರಲ್ಲಿ ಜಮೀನಿದೆ, ನನ್ನ ಕುರಿಗಳಿಗೆಲ್ಲ ಲಸಿಕೆಯ ದಿನ ಹತ್ತಿರ ಬಂದಿದೆ, ನನ್ನ ಗ್ಯಾಸ್ ಸಿಲಿಂಡರುಗಳು ಸಾಲುಗಟ್ಟಿ ದಾರಿಯಲ್ಲಿವೆ, ಮತ್ತು ನಾನು ಏಳು ತಿಂಗಳ ಗರ್ಭಿಣಿ, ತಪಾಸಣೆಗೆ ಹೋಗುವುದನ್ನು ಮರೆಯಬಾರದು.

ಈ ಗದ್ದಲದಲ್ಲಿ ನನ್ನ ಬ್ಯಾಂಕಿನ ಸಂದೇಶ ಕಳೆದುಹೋಗುತ್ತದೆಂದು, ಅದೊಂದಕ್ಕೆ ಮಾತ್ರ ಭಾವನ ನಂಬರು ಕೊಟ್ಟಿದ್ದೆ. ಹಾಲೇಶಪ್ಪ ಭಾವ ನನ್ನ ಅಕ್ಕ ಗಂಗಕ್ಕನ ಗಂಡ. ಊರು ಸೊರಬದ ಹತ್ತಿರದ ಜಡೆ. ಸೊರಬದ ಬಸ್‌ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳಿಗೆ ಜನರನ್ನು ಕೂಗಿ ಹತ್ತಿಸುವ ಏಜೆಂಟರಾಗಿದ್ದರು. ಶಿರಸಿ, ಸಾಗರ ಎಂದು ದಿನವಿಡೀ ಕೂಗಿದ ಗಂಟಲು. ಆನ್‌ಲೈನಿನಲ್ಲಿ ನಾನು ಏನೇ ತರಿಸಿದರೂ ಅದರ ಓಟಿಪಿ ಅವರ ಫೋನಿಗೆ ಹೋಗುತ್ತಿತ್ತು. ನಾನು ಕರೆ ಮಾಡುತ್ತಿದ್ದೆ, ಅವರು ಊರಿನ ಹೆಸರು ಕೂಗುವಂತೆ ಒಂದೊಂದೇ ಅಂಕಿ ಕೂಗುತ್ತಿದ್ದರು. ಐದು ಅಂಕಿ ಆದಮೇಲೆ ಬೀಡಿಯ ಒಂದು ದಮ್ಮು ಎಳೆದು ಆರನೆಯದನ್ನು ಹೇಳುತ್ತಿದ್ದರು. “ಬರ್ಕಂಡ್ಯಾ? ಈಗ ಹತ್ತು ಬಸ್ಸು,” ಎಂದು ಫೋನಿಡುತ್ತಿದ್ದರು.

ಹೋದ ಸಲದ ಭತ್ತದ ಕೊಯ್ಲಿನ ಹೊತ್ತಿಗೆ ಭಾವ ತೀರಿಕೊಂಡರು. ಶ್ವಾಸಕೋಶ ಪೂರ್ತಿ ಹೋಗಿತ್ತು. ಹನ್ನೊಂದನೆಯ ದಿನ ಅಕ್ಕ ನನ್ನ ಕೈ ಹಿಡಿದು ತನ್ನ ತಲೆಯ ಮೇಲಿಟ್ಟುಕೊಂಡಳು. ನಾನೂ ಭಾವನ ಜೊತೆ ಸಮಸಮಕ್ಕೆ ಸೇದುತ್ತಿದ್ದವನು. “ಬೀಡಿ ಸಿಗರೇಟು ಮುಟ್ಟಲ್ಲ ಅಕ್ಕ,” ಎಂದು ಆಣೆ ಮಾಡಿದೆ. ನಮ್ಮ ಕಡೆ ಇಂಥ ಆಣೆಯಲ್ಲಿ ಒಂದು ವಿಚಿತ್ರವಿದೆ. ತಪ್ಪಿದರೆ ಪೆಟ್ಟು ಬೀಳುವುದು ಆಣೆ ಮಾಡಿದವನಿಗಲ್ಲ, ತಲೆ ಕೊಟ್ಟವರಿಗೆ. ಅಕ್ಕ ಅದನ್ನು ಪೂರ್ತಿ ನಂಬುತ್ತಾಳೆ. ನಾನು ನಂಬುವುದಿಲ್ಲ ಎಂದು ಎಲ್ಲರಿಗೂ ಹೇಳುತ್ತೇನೆ.

ಆಮೇಲೆ ಬ್ಯಾಂಕಿನಲ್ಲಿ ನಂಬರು ಬದಲಾಯಿಸಲು ಹೊರಟಾಗ ಅಕ್ಕ ಬೇಡವೆಂದಳು. ಭಾವನ ಫೋನನ್ನು ಅವಳೇ ಗೋಡೆಯ ಗೂಡಿನಲ್ಲಿಟ್ಟು, ಚಾರ್ಜು ಮಾಡಿ, ರೀಚಾರ್ಜು ಹಾಕಿಸಿ ನೋಡಿಕೊಳ್ಳುತ್ತಿದ್ದಳು. ಓಟಿಪಿ ಓದುವ ಕೆಲಸವೂ ಅವಳಿಗೆ ಬಂತು. “ಅವರ ಡ್ಯೂಟಿ ನಾ ಮಾಡ್ತೀನಿ ಬಿಡು,” ಎಂದಳು. ಸತ್ತವರ ಫೋನು ಹೀಗೆ ಕೆಲಸದಲ್ಲೇ ಉಳಿಯಿತು.

ಬೀಡಿ ಬಿಟ್ಟ ನಾಲ್ಕನೆಯ ತಿಂಗಳಿಗೆ ನನಗೆ ಅಕ್ಷರಗಳೇ ಬೇಡವಾದವು. ಒಂದು ವಿಭಾಗಪತ್ರದಲ್ಲಿ ಅಣ್ಣನ ಹೆಸರನ್ನು ತಂಗಿಯ ಗಂಡನಿಗೆ ಕೊಟ್ಟೆ. ಆಗ ಬಂದವರು ಒಬ್ಬ ಲಾರಿ ಮಾಲೀಕರು. ಕುರ್ಚಿಯಲ್ಲಿ ಕೂತು ಪೆನ್ನಿನಂಥದ್ದನ್ನು ಬಾಯಿಗಿಟ್ಟು ಮಾವಿನಹಣ್ಣಿನ ವಾಸನೆಯ ಆವಿ ಬಿಟ್ಟರು. ನಾನು ಬಾಯಿ ಬಿಟ್ಟು ನೋಡಿದೆ.

“ಇದು ಸಿಗರೇಟಲ್ರೀ, ಮಿಷನ್ನು,” ಎಂದರು. “ಬೆಂಕಿ ಇಲ್ಲ, ಬೂದಿ ಇಲ್ಲ.”

“ಎಲ್ಲಿ ಸಿಗ್ತತಿ?”

“ಎಲ್ಲೂ ಸಿಗಂಗಿಲ್ಲ. ಸರ್ಕಾರದವ್ರು ಬಂದ್ ಮಾಡ್ಯಾರ. ಇಟ್ಕಂಡ್ರೂ ಮಾರಿದ್ರೂ ಕೇಸು. ನನಗ ಯಾರೋ ಕೊಟ್ರು, ನೀವು ನೋಡಿಲ್ಲ.”

ಆ ರಾತ್ರಿ ನಾನು ನನ್ನ ಆಣೆಯನ್ನು ಒಂದು ಕ್ರಯಪತ್ರದಂತೆ ಪರಿಶೀಲಿಸಿದೆ. ‘ಬೀಡಿ ಸಿಗರೇಟು’ ಎಂದಿದೆ. ‘ಇತ್ಯಾದಿ’ ಎಂದಿಲ್ಲ. ‘ಅಥವಾ ಅದೇ ಸ್ವರೂಪದ ಯಾವುದೇ ವಸ್ತು’ ಎಂದಿಲ್ಲ. ಮಂದಿಯ ಪತ್ರದಲ್ಲಿ ಇಂಥ ಸಂದು ಬಿಟ್ಟಿದ್ದರೆ ನಾಚಿಕೆಯಾಗುತ್ತಿತ್ತು. ನನ್ನ ಪತ್ರದಲ್ಲಿ ಸಿಕ್ಕಿದ್ದಕ್ಕೆ ಸಮಾಧಾನವಾಯಿತು. ಮಿಷನ್ನು ಬೀಡಿಯಲ್ಲ, ಅಕ್ಕನ ತಲೆಗೆ ಅಪಾಯವಿಲ್ಲ. ಸರ್ಕಾರದ ನಿಷೇಧ ಬೇರೆ ಇಲಾಖೆ.

ಅದನ್ನು ಮಾರುವ ಒಂದು ವೆಬ್‌ಸೈಟನ್ನು ಹುಡುಕಿದೆ. ಅದರಲ್ಲಿ ವಿಳಾಸವಿರಲಿಲ್ಲ, ನಗುತ್ತಿರುವ ಒಬ್ಬ ವಿದೇಶಿ ಹುಡುಗಿ ಇದ್ದಳು. ಆ ಮಂಗಳವಾರವೋ ಏನೋ ಒಂದು ವಾರ, ಮಧ್ಯಾಹ್ನ ಗಿರಾಕಿಗಳು ಊಟಕ್ಕೆ ಹೋದಾಗ, ಕಾರ್ಡಿನ ನಂಬರು ಹಾಕಿದೆ. ಚಕ್ರ ತಿರುಗಿತು. ‘ಈ ಪಾವತಿಗೆ ಅನುಮತಿ ಇಲ್ಲ’ ಎಂದು ಬಂತು. ಮತ್ತೆ ಹಾಕಿದೆ. ಮತ್ತೆ ಅದೇ. ಮೂರನೆಯ ಸಲಕ್ಕೆ ಮಾತ್ರ ಓಟಿಪಿ ಹಾಕಲು ಆರು ಖಾಲಿ ಚೌಕಗಳು ತೆರೆದುಕೊಂಡವು.

ಕರೆಂಟ್ ಬಿಲ್ಲಿಗೆಂದು ಅಕ್ಕನಿಗೆ ಸುಳ್ಳು ಹೇಳುವುದೆಂದು ನಿಶ್ಚಯಿಸಿಕೊಂಡು ಭಾವನ ನಂಬರಿಗೆ ಕರೆ ಮಾಡಿದೆ. ಎರಡನೆಯ ರಿಂಗಿಗೆ ಎತ್ತಿದರು.

“ಅಕ್ಕಾ, ನಂಬರ್ ಬಂತಾ?”

ಹಿಂದೆ ಎಲ್ಲೋ ಬಸ್ಸಿನ ಎಂಜಿನ್ನು ನಿಂತಲ್ಲೇ ಗುರುಗುಟ್ಟುವಂಥ ಸದ್ದು. ಆಮೇಲೆ ಅಂಕಿಗಳು ಬಂದವು, ಒಂದೊಂದಾಗಿ. ಗಂಡಸಿನ ದನಿಯೇ ಎಂದು ಕೇಳಿದರೆ ಪ್ರಮಾಣ ಮಾಡಲಾರೆ. ಅಂಕಿಗಳಿಗೆ ದನಿಗಿಂತ ನಡಿಗೆಯಿತ್ತು, ಒಂದನ್ನೊಂದು ಹತ್ತಿಸಿದಂತೆ. ಕೈಗೆ ಸಿಕ್ಕ ಛಾಪಾ ಕಾಗದದ ಬೆನ್ನಿಗೆ ಬರೆದುಕೊಂಡೆ. ಐದಾದ ಮೇಲೆ ಒಂದು ಬಿಡುವು. ಆಮೇಲೆ ಆರನೆಯದು. ಕರೆ ಕಟ್ಟಾಯಿತು.

ಬಿಸಿಲು ಅಂಗಡಿಯ ಹೊಸ್ತಿಲವರೆಗೆ ಬಂದಿತ್ತು, ಎದುರಿನ ಹೋಟೆಲಿನಲ್ಲಿ ಯಾರೋ ತಟ್ಟೆ ತೊಳೆಯುತ್ತಿದ್ದರು. ಹೆದರಲು ಒಂದು ಕಾರಣವೂ ಇರಲಿಲ್ಲ. ನಾನು ಮಾತ್ರ ಕುರ್ಚಿಯನ್ನು ಬಿಸಿಲಿಗೆ ಎಳೆದುಕೊಂಡು ಕೂತೆ. ಆದರೂ ಆರೂ ಅಂಕಿ ಹಾಕಿದೆ. ನೋಡಿ, ಚಟ ಎಂದರೆ ಇದು. ತೆರೆ ಬಿಳುಚಿಕೊಂಡು ಮತ್ತೆ ಅದನ್ನೇ ಹೇಳಿತು, ‘ಈ ಪಾವತಿಗೆ ಅನುಮತಿ ಇಲ್ಲ’. ಭಾವನ ನಂಬರಿಗೆ ಮತ್ತೆ ಕರೆ ಮಾಡಿದರೆ ಸ್ವಿಚ್ ಆಫ್.

ಅಂಕಿ ತಪ್ಪು ಕೇಳಿಸಿಕೊಂಡಿರಬೇಕು, ಅದಕ್ಕೇ ತಿರಸ್ಕಾರ ಎಂದು ಧೈರ್ಯ ತಂದುಕೊಂಡು ನನ್ನ ಬ್ಯಾಂಕಿಗೆ ನಡೆದೆ. ಕೌಂಟರಿನ ಮೇಡಂ ಪರದೆ ನೋಡಿ ಹೇಳಿದರು. “ಓಟಿಪಿ ಸರಿಯಾಗೇ ಬಿದ್ದಿದೆ ಸರ್. ಈ ಥರದ ವ್ಯಾಪಾರಕ್ಕೆ ಪೇಮೆಂಟ್ ಹೋಗಲ್ಲ, ತಡೆ ಇದೆ. ಏನು ತಗೊಳ್ತಿದ್ರಿ?”

“ಪೆನ್ನು,” ಎಂದೆ.

“ಪೆನ್ನಿಗೆ ತಡೆ ಇಲ್ಲ ಸರ್,” ಎಂದು ಅವರು ನನ್ನನ್ನು ತುಸು ಹೆಚ್ಚು ಹೊತ್ತು ನೋಡಿದರು. ನಾನು ಧನ್ಯವಾದ ಹೇಳಿ ತಪ್ಪು ಬಾಗಿಲಿನಿಂದ ಹೊರಟು, ಲಾಕರ್ ಕೋಣೆಯ ಮುಂದೆ ನಿಂತು, ತಿರುಗಿ ಬಂದೆ.

ಸಂಜೆ ಅಕ್ಕ ತನ್ನ ಫೋನಿನಿಂದ ಕರೆ ಮಾಡಿದಳು. ಚಂದ್ರಗುತ್ತಿಯಲ್ಲಿ ನಾದಿನಿಯ ಮನೆಗೆ ಹೋಗಿ ಮೂರು ದಿನವಾಯಿತಂತೆ, ಈಗಷ್ಟೇ ಜಡೆಗೆ ಬಂದಿದ್ದಳು. ಮಾತಿನ ಮಧ್ಯೆ ಕೆಮ್ಮುತ್ತಿದ್ದಳು.

“ಭಾವನ ಫೋನು?” ಎಂದೆ.

“ಆಫ್ ಮಾಡಿ ಬೀರಲ್ಲಿಟ್ಟು ಬೀಗ ಹಾಕಿ ಹೋಗಿದ್ದೆ ಕಣ. ಯಾಕ?”

“ನಿಂಗೆ ಕೆಮ್ಮು ಯಾವಾಗಿಂದ?”

“ಇವತ್ತು ಮಧ್ಯಾಹ್ನದಿಂದ. ಎಂತದೋ ಧೂಳು.”

ನಾನು ನಂಬುವುದಿಲ್ಲ ಎಂದು ಆಗಲೇ ಹೇಳಿದ್ದೇನೆ. ಮಾರನೆಯ ದಿನ ಅಂಗಡಿಗೆ ಬೀಗ ಹಾಕಿ, ಸೊರಬಕ್ಕೆ ಹೋಗಿ, ಜಡೆಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ವಾದ ನಡೆಸಿದೆ. ಮಿಷನ್ನು ಕೈಗೆ ಬಂದಿಲ್ಲ, ಬಾಯಿಗಿಟ್ಟಿಲ್ಲ, ಬ್ಯಾಂಕು ಬಿಡಲೂ ಇಲ್ಲ. ನೋಂದಣಿಯಾಗದ ಪಾಪ ಪಾಪವೇ? ವಾದ ಚೆನ್ನಾಗಿತ್ತು. ಕೇಳುವವರು ಯಾರೆಂದು ಗೊತ್ತಿಲ್ಲದೆ ವಾದಿಸುವುದು ಮಾತ್ರ ಕಷ್ಟ.

ಅಕ್ಕ ಅಂಗಳದಲ್ಲಿ ಮೊರ ಹಿಡಿದು ಕೂತಿದ್ದಳು, ಕಣ್ಣು ಕೆಂಪಾಗಿತ್ತು. “ಏನೋ ಹೇಳದೆ ಕೇಳದೆ ಬಂದ್ಯಲ್ಲ, ಹೆಂಡ್ತಿ ಓಡ್ಸಿದ್ಲಾ?” ಎಂದು ನಕ್ಕಳು. ಆ ನಗು ಕೆಮ್ಮಾಗಿ ಬಹಳ ಹೊತ್ತು ನಿಲ್ಲಲಿಲ್ಲ. ನೀರು ಕೊಟ್ಟೆ. ಬೀರಿನಿಂದ ಭಾವನ ಫೋನು ತೆಗೆಸಿ ಚಾರ್ಜಿಗೆ ಹಾಕಿಸಿದೆ. ಅದು ಹೊತ್ತಿಕೊಂಡದ್ದೇ ಟಿಣ್ ಎಂದು ಬ್ಯಾಂಕಿನ ಸಂದೇಶಗಳು ಬಿದ್ದವು, ಆಗಷ್ಟೇ ಬಸ್ಸಿಳಿದವರಂತೆ. ಜೇಬಿನ ಕಾಗದ ತೆಗೆದು ತಾಳೆ ನೋಡಿದೆ. ಆರಕ್ಕೆ ಆರೂ ಒಂದೇ.

“ಎಂತ ತಗಳಕ್ಕೆ ಹೋಗಿದ್ದೆ ಹೇಳು,” ಎಂದಳು ಅಕ್ಕ. ಅವಳಿಗೂ ಪೆನ್ನು ಎನ್ನಬಹುದಿತ್ತು. ಆದರೆ ಅವಳು ಮತ್ತೆ ಕೆಮ್ಮಿದಳು. ಎಲ್ಲ ಹೇಳಿಬಿಟ್ಟೆ. ಮಿಷನ್ನು, ಆಣೆಯ ಸಂದು, ಮೂರು ಸಲದ ತಿರಸ್ಕಾರ, ಕರೆ ಎತ್ತಿದ್ದು, ಅಂಕಿ ಓದಿದ್ದು. ಹೇಳಿ, ತಲೆ ಬಗ್ಗಿಸಿ ಬೈಗುಳಕ್ಕೆ ಕಾದೆ.

ಅಕ್ಕ ಮೊರವನ್ನು ಪಕ್ಕಕ್ಕಿಟ್ಟಳು. ಆಣೆಯ ಸುದ್ದಿಗೆ ಹೋಗಲೇ ಇಲ್ಲ.

“ಓದುವಾಗ ಉಸ್ರು ಹೆಂಗಿತ್ತು?” ಎಂದಳು.

“ಎಂಥ ಉಸ್ರು?”

“ಕಡೇ ಕಡೇಗೆ ಎರಡು ಮಾತಾಡಕ್ಕೂ ಆಗ್ತಿರ್ಲಿಲ್ಲ ಅವ್ರಿಗೆ, ನೀ ನೋಡಿದ್ಯಲ್ಲ. ಆರೂ ಒಂದೇ ಸಮ ಓದಿದ್ರಾ, ನಡುವೆ ಕಟ್ತಾ?”

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಅಫಿಡವಿಟ್ಟಿಗೆ ಸಹಿ ಹಾಕುವ ಮುಂಚೆ ಜನ ನನ್ನನ್ನು ಹಾಗೆ ನೋಡುತ್ತಾರೆ.

“ಒಂದೇ ಸಮ ಓದಿದ್ರು ಅಕ್ಕ,” ಎಂದೆ. “ಎಲ್ಲೂ ಕಟ್ಲಿಲ್ಲ.”

ಅವಳು ತಲೆಯಾಡಿಸಿ ಒಳಗೆ ಟೀ ಇಡಲು ಹೋದಳು. ಒಲೆಯ ಮುಂದೆ ಅವಳು ತನ್ನಷ್ಟಕ್ಕೆ ಏನೋ ಹೇಳಿಕೊಂಡದ್ದು ಕೇಳಿಸಿತು, ಅರ್ಥವಾಗಲಿಲ್ಲ.

ಐದಾದ ಮೇಲೆ ಬಿಡುವಿತ್ತೆಂದು ಮೇಲೆ ಬರೆದಿದ್ದೇನೆ. ಅದನ್ನು ಹೊಡೆದುಹಾಕಬೇಕೋ ಬೇಡವೋ ತಿಳಿಯುತ್ತಿಲ್ಲ, ಯಾಕೆಂದರೆ ಈಗ ನೆನೆಸಿಕೊಂಡಾಗ ಒಂದೇ ಉಸಿರಿನಲ್ಲಿ ಓದಿದ್ದೇ ಕೇಳಿಸುತ್ತದೆ. ಆ ಅಂಕಿಗಳನ್ನು ಕಾಗದದ ಮೇಲೆ ಬರೆದದ್ದು ಅಂಗಡಿಯಲ್ಲೋ, ಅಕ್ಕನ ಮನೆಯಲ್ಲಿ ಸಂದೇಶ ನೋಡಿದ ಮೇಲೋ ಎಂದು ಟೈಪಿಂಗ್ ಅಂಗಡಿಯವರು ಕೇಳಿದರು. ಅಂಗಡಿಯಲ್ಲೇ ಎಂದು ಹೇಳಿದೆ, ನನಗೆ ತಿಳಿದ ಮಟ್ಟಿಗೆ. ಫೋನೆತ್ತಿದವರು ಯಾರೆಂದು ನನಗೆ ಗೊತ್ತಿಲ್ಲ. ನಾನು ಏನನ್ನೂ ಸೇದುತ್ತಿಲ್ಲ. ಅದು ಅಕ್ಕನಿಗೇನಾದೀತೆಂಬ ಭಯಕ್ಕೋ ಬ್ಯಾಂಕಿನ ತಡೆಗೋ ಎಂದು ಹೆಂಡತಿ ಕೇಳುತ್ತಾಳೆ, ಅದೂ ಗೊತ್ತಿಲ್ಲ. ಅಕ್ಕನ ಕೆಮ್ಮು ಇನ್ನೂ ಪೂರ್ತಿ ಹೋಗಿಲ್ಲ. ಸೊರಬದ ಡಾಕ್ಟರು ಧೂಳು ಎಂದು ಔಷಧಿ ಬರೆದುಕೊಟ್ಟಿದ್ದಾರೆ. ಅದು ಧೂಳೋ, ನಾನೋ, ನನಗೆ ಗೊತ್ತಿಲ್ಲ.