ಬೆನ್ನಿನ ಮೇಲಿನ ಬರಹಗಳನ್ನು ಹತೋಟಿಗೆ ತರುವ ಬಗ್ಗೆ

ಆಸ್ಪತ್ರೆ ಆಡಳಿತ ಕಾರ್ಯಾಲಯ
(ಎರಡನೇ ಮಹಡಿ. ಲಿಫ್ಟ್ ರೋಗಿಗಳಿಗೆ ಮಾತ್ರ. ದಣಿದಿರುವುದು ರೋಗವಲ್ಲ.)

ಸಂಖ್ಯೆ: ಆಕಾ/ಸಾಂಕ್ರಾಮಿಕ/ಬೆನ್ನು/೧೭/ತಿದ್ದುಪಡಿ-೪
ದಿನಾಂಕ: ಸಾಂಕ್ರಾಮಿಕ ವಾರ್ಡ್ ತೆರೆದ ನೂರಾ ಹತ್ತನೇ ದಿನ, ಬುಧವಾರ

ವಿಷಯ: ಸುರಕ್ಷಾ ಉಡುಪಿನ ಬೆನ್ನಿನ ಮೇಲೆ ಸಿಬ್ಬಂದಿಯವರು ಮನಸ್ಸಿಗೆ ಬಂದದ್ದನ್ನೆಲ್ಲ ಬರೆದುಕೊಂಡು ಓಡಾಡುತ್ತಿರುವ ಕುರಿತು.

ಉಲ್ಲೇಖ:
೧. ಸುತ್ತೋಲೆ ಸಂಖ್ಯೆ ೯, ‘ಒತ್ತಡ ನಿವಾರಣೆಗಾಗಿ ಸದಾ ನಗುಮುಖದಿಂದ ಇರುವ ಬಗ್ಗೆ’ (ಮಾಸ್ಕ್‌ ಇರುವುದರಿಂದ ತಪಾಸಣೆ ಸಾಧ್ಯವಾಗದೆ ಹಿಂಪಡೆಯಲಾಗಿದೆ).
೨. ಸುತ್ತೋಲೆ ಸಂಖ್ಯೆ ೧೨, ‘ಬೆನ್ನಿನ ಮೇಲೆ ಹುದ್ದೆಯ ಹೆಸರು ಬರೆಸಿಕೊಳ್ಳುವ ಬಗ್ಗೆ’.
೩. ಹಿರಿಯ ಶುಶ್ರೂಷಕಿಯವರ ಬೆನ್ನು, ತೊಂಬತ್ತೊಂದನೇ ದಿನದಿಂದ ನೂರಾ ಎಂಟನೇ ದಿನದವರೆಗೆ.

ಸಾಂಕ್ರಾಮಿಕ ವಾರ್ಡಿನಲ್ಲಿ ಎಲ್ಲರೂ ಅಡಿಯಿಂದ ಮುಡಿಯವರೆಗೆ ಬಿಳಿ ಉಡುಪು ತೊಡುವುದರಿಂದ ಯಾರು ಯಾರೆಂದು ತಿಳಿಯದೆ ಗೊಂದಲ ಉಂಟಾಗುತ್ತಿದ್ದುದು ಸರಿಯಷ್ಟೇ. ಮುಖ್ಯ ಶಸ್ತ್ರಚಿಕಿತ್ಸಕರ ಕೈಗೆ ನೆಲ ಒರೆಸುವ ಕೋಲು ಕೊಟ್ಟು ಮೂರು ಕೋಣೆ ಒರೆಸಿಸಿದ ಪ್ರಕರಣವೂ ವರದಿಯಾಗಿತ್ತು. (ಚೆನ್ನಾಗಿಯೇ ಒರೆಸಿದ್ದರು. ಪ್ರಶಂಸಾಪತ್ರ ಕಡತದಲ್ಲಿದೆ.) ಆ ಕಾರಣಕ್ಕೆ, ಪ್ರತಿಯೊಬ್ಬರೂ ತಮ್ಮ ಹುದ್ದೆಯನ್ನು ಮಾರ್ಕರ್‌ನಿಂದ ಬೆನ್ನಿನ ಮೇಲೆ ಒಂದು ಸಾಲಿನಲ್ಲಿ ಬರೆಸಿಕೊಳ್ಳುವಂತೆ ಉಲ್ಲೇಖ (೨)ರಲ್ಲಿ ಸೂಚಿಸಲಾಗಿತ್ತು. ಒಂದು ಸಾಲಿಗೆ ಅನುಮತಿ ಕೊಟ್ಟರೆ ಇಡೀ ಬೆನ್ನನ್ನೇ ಒತ್ತುವರಿ ಮಾಡಿಕೊಂಡಿರುವುದು ಈಗ ಕಾರ್ಯಾಲಯದ ಗಮನಕ್ಕೆ ಬಂದಿರುತ್ತದೆ.

ಈ ಬಗ್ಗೆ ಮೂವರು ಸದಸ್ಯರ ಸಮಿತಿಯು ನಾಲ್ಕು ದಿನ ವಾರ್ಡಿನ ಗಾಜಿನಾಚೆ ನಿಂತು ಬೆನ್ನುಗಳನ್ನು ಓದಿರುತ್ತದೆ. ದಾಖಲಾದ ಕೆಲವು ಬರಹಗಳನ್ನು, ಯಾವ ತಿದ್ದುಪಡಿಯೂ ಇಲ್ಲದೆ, ವಿಷಾದದಿಂದ ಕೆಳಗೆ ಕೊಡಲಾಗಿದೆ:

ವಾರ್ಡಿನ ವೈದ್ಯರು: ‘ಡಾಕ್ಟ್ರು. ನಿಂತ್ಕೊಂಡೇ ನಿದ್ದೆ ಮಾಡ್ತಿದ್ರೆ ಮೆಲ್ಲಗೆ ತಟ್ಟಿ.’
ಪ್ರಯೋಗಾಲಯದ ತಂತ್ರಜ್ಞರು: ‘ರಿಪೋರ್ಟ್ ಬಂದಿಲ್ಲ. ಬಂದಿಲ್ಲ ಅಂದ್ರೆ ಬಂದಿಲ್ಲ.’
ಸ್ವಚ್ಛತಾ ಸಿಬ್ಬಂದಿ: ‘ಈಗಷ್ಟೇ ಒರೆಸಿದ್ದೀನಿ. ತುಳೀಬೇಡಿ ಮಹಾರಾಯ್ರೇ.’
ಅರಿವಳಿಕೆ ತಜ್ಞರು: ‘ನನ್ನನ್ನೂ ಯಾರಾದ್ರೂ ಮಲಗ್ಸಿ.’
ಹುದ್ದೆ ತಿಳಿದುಬಂದಿಲ್ಲ: ‘ಮೂಗು ತುರಿಸ್ತಾ ಇದೆ. ಇನ್ನೂ ನಾಲ್ಕು ಗಂಟೆ ಇದೆ. ದೇವ್ರೇ.’

ಆದುದರಿಂದ, ತಕ್ಷಣದಿಂದ ಜಾರಿಗೆ ಬರುವಂತೆ, ಎಲ್ಲ ಬೆನ್ನುಗಳಿಗೂ ಕೆಳಕಂಡ ನಿಯಮಗಳನ್ನು ಅನ್ವಯಿಸಲಾಗಿದೆ.

೧. ಬರಹವು ಎಂಟು ಪದಗಳನ್ನು ಮೀರತಕ್ಕದ್ದಲ್ಲ. ಅಗಲ ಬೆನ್ನಿನವರಿಗೆ ಹೆಚ್ಚು ಜಾಗ ಸಿಗುತ್ತಿದೆಯೆಂದು ಸಣಕಲು ಸಿಬ್ಬಂದಿಯವರು ಮನವಿ ಸಲ್ಲಿಸಿದ್ದು, ಪರಿಶೀಲನೆಯಲ್ಲಿದೆ. ಅಲ್ಲಿಯವರೆಗೆ ಸಣಕಲು ಸಿಬ್ಬಂದಿಯವರು ಉಳಿದ ವಾಕ್ಯವನ್ನು ಪಕ್ಕದವರ ಬೆನ್ನಿನಲ್ಲಿ ಮುಂದುವರಿಸಬಹುದು. ಹಾಗೆ ಮುಂದುವರಿಸಿದಲ್ಲಿ ಇಬ್ಬರೂ ಆ ಪಾಳಿ ಮುಗಿಯುವವರೆಗೆ ಜೊತೆಯಲ್ಲೇ ನಡೆಯತಕ್ಕದ್ದು.

೨. ಕಪ್ಪು ಮಾರ್ಕರ್ ಮಾತ್ರ ಬಳಸತಕ್ಕದ್ದು. ಕೆಂಪು ಮಾರ್ಕರ್ ತುರ್ತು ಆದೇಶಗಳಿಗೆ ಮೀಸಲು. ಆಸ್ಪತ್ರೆಗೆ ಅದು ಒಂದೇ ಇದ್ದು, ದಾರ ಕಟ್ಟಿ ಗೋಡೆಗೆ ಬಿಗಿಯಲಾಗಿದೆ. ಬೇಕಾದವರು ಬೆನ್ನನ್ನೇ ಅಲ್ಲಿಗೆ ಕೊಂಡೊಯ್ಯತಕ್ಕದ್ದು.

೩. ತನ್ನ ಬೆನ್ನಿಗೆ ತಾನೇ ಬರೆದುಕೊಳ್ಳುವುದು ಅಸಾಧ್ಯವಾದ್ದರಿಂದ ಅದನ್ನು ನಿಷೇಧಿಸಲಾಗಿದೆ. ಬರೆದುಕೊಡುವವರು ಹೇಳಿದ್ದನ್ನಷ್ಟೇ ಬರೆಯತಕ್ಕದ್ದು, ಸ್ವಂತ ಅಭಿಪ್ರಾಯ ಸೇರಿಸಕೂಡದು. ‘ತುರ್ತು ವೈದ್ಯ’ ಎಂದು ಬರೆಯಲು ಹೇಳಿದ್ದ ವೈದ್ಯರೊಬ್ಬರ ಬೆನ್ನಿನ ಮೇಲೆ ಅವರ ಸಹೋದ್ಯೋಗಿಯು ‘ಈ ಮನುಷ್ಯ ಗೊರಕೆ ಹೊಡೀತಾನೆ, ನಾನೇ ಸಾಕ್ಷಿ’ ಎಂದು ಬರೆದಿದ್ದು, ವೈದ್ಯರು ಆರು ಗಂಟೆ ಕಾಲ ಅದೇ ಬೆನ್ನಿನಲ್ಲಿ ರೋಗಿಗಳನ್ನು ನೋಡಿರುತ್ತಾರೆ. ಈ ಅವಧಿಯಲ್ಲಿ ರೋಗಿಗಳು ನಕ್ಕಿದ್ದು, ಇಬ್ಬರು ಊಟ ಕೇಳಿದ್ದು, ಮೂವರ ಆಮ್ಲಜನಕದ ಮಟ್ಟ ಏರಿದ್ದು ಕಂಡುಬಂದಿದೆ. ಸದರಿ ಸುಧಾರಣೆಗೆ ಪೂರ್ವಾನುಮತಿ ಪಡೆದಿರಲಿಲ್ಲ. ಇದು ಮರುಕಳಿಸಕೂಡದು.

೪. ‘ಸುಸ್ತು’ ಎಂಬ ಪದವು ನಾಲ್ಕು ದಿನಗಳಲ್ಲಿ ಇನ್ನೂರ ಹನ್ನೆರಡು ಬಾರಿ ಬಳಕೆಯಾಗಿದೆ. ಪದದ ಮೇಲೆ ಬೀಳುತ್ತಿರುವ ಹೊರೆಯನ್ನು ಗಮನಿಸಿ, ತಲಾ ವಾರಕ್ಕೆ ಒಂದು ‘ಸುಸ್ತು’ ಮಾತ್ರ ಮಂಜೂರು ಮಾಡಲಾಗಿದೆ. ಉಳಿಸಿದ್ದನ್ನು ಮುಂದಿನ ವಾರಕ್ಕೆ ಒಯ್ಯುವಂತಿಲ್ಲ. ‘ಚೆನ್ನಾಗಿದ್ದೀನಿ’ ಎಂದು ಬರೆಸಿಕೊಳ್ಳುವವರು ಸೂಕ್ತ ಪುರಾವೆ ಒದಗಿಸತಕ್ಕದ್ದು. ಹಾಗೆ ಬರೆಸಿಕೊಂಡಿದ್ದ ಏಕೈಕ ಸಿಬ್ಬಂದಿಯನ್ನು ಅಭಿನಂದಿಸಲು ಸಮಿತಿ ತೆರಳಿದಾಗ, ಸದರಿಯವರು ಡ್ರಿಪ್ ಕಂಬಕ್ಕೆ ಒರಗಿ ಅಳುತ್ತಿದ್ದರು. ಅಭಿನಂದನೆಯನ್ನು ಮುಂದೂಡಲಾಗಿದೆ.

೫. ರಜೆ ಅರ್ಜಿಗಳನ್ನು ಬೆನ್ನಿನ ಮೇಲೆ ಬರೆಯಕೂಡದು.

ಈ ನಿಯಮಕ್ಕೆ ಹಿನ್ನೆಲೆ ಇದೆ. ವಾರ್ಡಿನಿಂದ ಬರುವ ಕಾಗದವನ್ನು ಸೋಂಕು ಹರಡದಂತೆ ಪೆಟ್ಟಿಗೆಯಲ್ಲಿ ಏಳು ದಿನ ಇರಿಸಲಾಗುತ್ತದೆ. ಹೊರಬರುವಷ್ಟರಲ್ಲಿ ಕೇಳಿದ ರಜೆಯ ದಿನ ಕಳೆದಿರುವುದರಿಂದ, ‘ಅವಧಿ ಮೀರಿದೆ’ ಎಂದು ಹಿಂತಿರುಗಿಸಲಾಗುತ್ತದೆ. ಹೀಗೆ ಐದು ಅರ್ಜಿ ಹಿಂತಿರುಗಿದ ಮೇಲೆ, ವಾರ್ಡಿನಲ್ಲಿ ‘ದೊಡ್ಡ ಸಿಸ್ಟರ್’ ಎಂದೇ ಕರೆಯಲ್ಪಡುವ ಹಿರಿಯ ಶುಶ್ರೂಷಕಿಯವರು ತೊಂಬತ್ತೊಂದನೇ ದಿನ ಬೆನ್ನಿನ ಮೇಲೆಯೇ ಅರ್ಜಿ ಬರೆಸಿಕೊಂಡು ಬಂದರು: ‘ಎರಡು ದಿನ ರಜೆ ಬೇಕು. ಮಗಳನ್ನ ನೋಡಿ ತೊಂಬತ್ತೊಂದು ದಿನ ಆಯ್ತು.’

ಕಾರ್ಯಾಲಯವು ಅರ್ಜಿಯನ್ನು ಕೂಲಂಕಷವಾಗಿ ಪರಿಶೀಲಿಸಿ ಆಕ್ಷೇಪಣೆಗಳನ್ನು ಸಲ್ಲಿಸಿತು. (ಅ) ಎಡಗಡೆ ಅಂಚು ಬಿಟ್ಟಿಲ್ಲ. (ಆ) ಯಾರಿಗೆ ಎಂದು ನಮೂದಿಸಿಲ್ಲ, ಹಿಂದೆ ನಿಂತವರೆಲ್ಲ ತಮಗೇ ಎಂದು ತಿಳಿಯುವ ಸಂಭವವಿದೆ. (ಇ) ಮಗಳಿರುವ ಬಗ್ಗೆ ದಾಖಲೆ ಲಗತ್ತಿಸಿಲ್ಲ. ಮರುದಿನ ಅಂಚು ಬಿಟ್ಟು, ‘ಮಾನ್ಯರೇ’ ಸೇರಿಸಿ, ಎರಡು ಜಡೆಯ ಹುಡುಗಿಯ ಚಿತ್ರವೊಂದನ್ನು ಲಗತ್ತಿಸಿ ಮರುಸಲ್ಲಿಸಲಾಯಿತು. ಚಿತ್ರ ಬರೆದವರು ಸ್ವಚ್ಛತಾ ಸಿಬ್ಬಂದಿ. ಹೋಲಿಕೆ ಚೆನ್ನಾಗಿತ್ತೆಂದು ತಿಳಿದುಬಂದಿದೆ.

ಆದರೆ ಪ್ರತಿ ಪಾಳಿಯ ಕೊನೆಗೆ ಉಡುಪನ್ನು ಸುಡುವುದು ಕಡ್ಡಾಯ. ಉಡುಪಿನೊಂದಿಗೆ ಅರ್ಜಿಯೂ ಸುಟ್ಟುಹೋಗುವುದರಿಂದ ದಿನವೂ ಹೊಸ ಅರ್ಜಿ, ದಿನವೂ ಹೊಸ ಸ್ವೀಕೃತಿ ಸಂಖ್ಯೆ. ಟಪಾಲು ಗುಮಾಸ್ತರು ಉಡುಪು ತೊಡುವ ಕೋಣೆಯ ಬಾಗಿಲಲ್ಲಿ ಕಾದು ನಿಂತು ಹದಿನೆಂಟು ದಿನ ಹದಿನೆಂಟು ಮೊಹರು ಒತ್ತಿದರು. ತೊಂಬತ್ತೊಂದು ಇದ್ದದ್ದು ತೊಂಬತ್ತೆರಡಾಗಿ, ತೊಂಬತ್ತಮೂರಾಗಿ, ಅರ್ಜಿದಾರರು ಪ್ರತಿದಿನ ಅಂಕಿ ತಿದ್ದುತ್ತಿದ್ದಾರೆಂದು ಈ ಕಾರ್ಯಾಲಯವು ಕಾರಣ ಕೇಳುವ ನೋಟಿಸನ್ನೂ ಜಾರಿ ಮಾಡಿತು. ನೋಟಿಸಿಗೆ ಸಹಿ ಮಾಡಿದ್ದು ಕೆಳಗೆ ಸಹಿ ಮಾಡಿರುವವರೇ.

೬. ಖಾಲಿ ಬೆನ್ನು ಕಂಡಲ್ಲಿ ತಕ್ಷಣ ವರದಿ ಮಾಡತಕ್ಕದ್ದು.

ನಿನ್ನೆ, ನೂರಾ ಒಂಬತ್ತನೇ ದಿನ, ಹಿರಿಯ ಶುಶ್ರೂಷಕಿಯವರು ಏನನ್ನೂ ಬರೆಸಿಕೊಳ್ಳದೆ ವಾರ್ಡಿಗೆ ಹೋದರು. ಟಪಾಲು ಗುಮಾಸ್ತರು ಮೊಹರಿಗೆ ಮಸಿ ಹಚ್ಚಿಕೊಂಡು ನಿಂತೇ ಇದ್ದರು. ನಿಯಮಗಳಿಗೆ ನೂರಕ್ಕೆ ನೂರು ಬದ್ಧವಾದ ಬೆನ್ನು ಕೊನೆಗೂ ಒಂದು ದೊರೆಯಿತೆಂದು ಸಮಿತಿಯು ಟಿಪ್ಪಣಿ ಬರೆಯಿತು. ಟಿಪ್ಪಣಿಯನ್ನು ಹಿಂಪಡೆಯಲಾಗಿದೆ.

ಕಾರಣ ಇಷ್ಟೇ. ದೊಡ್ಡ ಸಿಸ್ಟರ್ ಕೆಲಸ ಮುಗಿಸಿ ಉಡುಪು ಕಳಚುವ ಹೊತ್ತಿಗೆ ಮಗು ಅಜ್ಜಿಯ ಮನೆಯಲ್ಲಿ ಮಲಗಿಬಿಟ್ಟಿರುತ್ತದೆ. ಹಾಗಾಗಿ ದಿನಕ್ಕೊಮ್ಮೆ ಟಪಾಲು ಗುಮಾಸ್ತರು ಗಾಜಿನಾಚೆ ಫೋನ್ ಹಿಡಿದು ನಿಲ್ಲುತ್ತಾರೆ (ಈ ಕರ್ತವ್ಯ ಅವರ ಪಟ್ಟಿಯಲ್ಲಿರಲಿಲ್ಲ, ಈಗ ಸೇರಿಸಲಾಗಿದೆ). ಬಿಳಿ ಉಡುಪಿನವರೆಲ್ಲ ಒಂದೇ ಥರ ಕಾಣುವುದರಿಂದ ಆರು ವರ್ಷದ ಮಗು ಮೊದಲು ಹೇಳುವುದು, ‘ಹಿಂದೆ ತಿರುಗು, ಅಮ್ಮನೇನಾ ನೋಡ್ತೀನಿ.’ ಬೆನ್ನಿನ ಬರಹವನ್ನು ಅಕ್ಷರ ಕೂಡಿಸಿ ಓದಿ, ಜಡೆಯ ಹುಡುಗಿಯನ್ನು ನೋಡಿ, ಆಮೇಲೇ ಮಾತು. ನಿನ್ನೆ ಬೆನ್ನು ಖಾಲಿ ಇತ್ತು. ‘ಇದು ಯಾರೋ ಬೇರೆ’ ಎಂದು ಹೇಳಿ ಮಗು ಫೋನನ್ನು ಅಜ್ಜಿಗೆ ಕೊಟ್ಟಿತು.

ಸದರಿ ವಿಷಯವನ್ನು ಟಪಾಲು ಗುಮಾಸ್ತರು ಎರಡನೇ ಮಹಡಿಗೆ ಮೆಟ್ಟಿಲು ಹತ್ತಿ ಬಂದು, ಆವಕ ವಹಿಯಲ್ಲಿ ನಮೂದಿಸದೆ, ಜೋರು ದನಿಯಲ್ಲಿ ತಿಳಿಸಿದರು. ಅವರು ಬಳಸಿದ ಪದಗಳನ್ನು ಕಡತದಲ್ಲಿ ಸೇರಿಸಿಲ್ಲ.

೭. ಸ್ಥಳ ಪರಿಶೀಲನೆ ನಡೆಸುವ ಅಧಿಕಾರಿಗಳು ಉಡುಪನ್ನು ಹಿಂದುಮುಂದಾಗಿ ತೊಡಕೂಡದು. ಕೆಳಗೆ ಸಹಿ ಮಾಡಿರುವವರು ನಿನ್ನೆ ಮೊದಲ ಬಾರಿಗೆ ವಾರ್ಡ್ ಪ್ರವೇಶಿಸುವಾಗ ಹಾಗೆ ತೊಟ್ಟಿದ್ದು, ಹಿರಿಯ ಶುಶ್ರೂಷಕಿಯವರೇ ಅದನ್ನು ಬಿಚ್ಚಿಸಿ ಸರಿಯಾಗಿ ತೊಡಿಸಿದರು. ‘ಆಡಳಿತಾಧಿಕಾರಿ’ ಎಂದು ಬೆನ್ನಿಗೆ ಬರೆಯಲು ಅವರನ್ನೇ ಕೋರಲಾಯಿತು. ಅವರು ಬರೆದರು. ಆ ನಂತರ ನಲವತ್ತು ನಿಮಿಷ ಕಾಲ ಒಬ್ಬ ರೋಗಿಯೂ ಕಡತದ ವಿಚಾರ ಎತ್ತದೆ, ನೀರು ಕೊಡಿ, ಹೊದಿಕೆ ಎಳೆಯಿರಿ, ಇನ್ನೊಂದು ಲೋಟ ನೀರು ಕೊಡಿ ಎಂದೇ ಕೇಳಿದ್ದು ಸೋಜಿಗವೆನಿಸಿತು. ಉಡುಪು ಕಳಚಿದಾಗ ಬೆನ್ನಿನ ಬರಹ ಕಂಡುಬಂದಿತು: ‘ಹೊಸಬ್ರು. ಏನೂ ಬರಲ್ಲ. ನೀರು ಕೊಡಕ್ಕೆ ಬರತ್ತೆ.’

ಇದು ನಿಯಮ (೩)ರ ಸ್ಪಷ್ಟ ಉಲ್ಲಂಘನೆ. ಆದರೆ ವಿಚಾರಣೆಯಲ್ಲಿ ಬರಹವು ಅಕ್ಷರಶಃ ನಿಜವೆಂದು ಸಾಬೀತಾದ್ದರಿಂದ ಕ್ರಮ ಕೈಬಿಡಲಾಗಿದೆ. ನಲವತ್ತು ನಿಮಿಷಕ್ಕೇ ಈ ಅಧಿಕಾರಿಯ ಕನ್ನಡಕ ಮಂಜಾಗಿ, ಸೊಂಟ ಹಿಡಿದು, ಬೆವರಿನಿಂದ ಕೈಗವಸು ತುಂಬಿಹೋಗಿತ್ತು. ನೂರಾ ಒಂಬತ್ತು ದಿನದ ಲೆಕ್ಕ ಹಾಕಲು ಮನಸ್ಸಾಗಲಿಲ್ಲ. ಕಾರ್ಯಾಲಯಕ್ಕೆ ನಾಚಿಕೆಯಾಗಿದೆ. ಈ ಪದಕ್ಕೆ ಆಡಳಿತ ಭಾಷೆಯಲ್ಲಿ ಪರ್ಯಾಯ ಸಿಗದ ಕಾರಣ ಹಾಗೆಯೇ ಬಳಸಲಾಗಿದೆ.

೮. ನಿಯಮ (೫)ನ್ನು ಈ ಮೂಲಕ ರದ್ದುಪಡಿಸಲಾಗಿದೆ. ಇನ್ನು ಮುಂದೆ ಬೆನ್ನಿನ ಮೇಲಿನ ರಜೆ ಅರ್ಜಿಯನ್ನು ಉಡುಪು ಸುಡುವ ಮೊದಲೇ ತೀರ್ಮಾನಿಸತಕ್ಕದ್ದು. ಕಾರಣ ಕೇಳುವ ನೋಟಿಸನ್ನು ಉಡುಪಿನ ಜೊತೆಗೇ ಸುಡತಕ್ಕದ್ದು.

೯. ಹಿರಿಯ ಶುಶ್ರೂಷಕಿಯವರಿಗೆ ಗುರುವಾರದಿಂದ ಭಾನುವಾರದವರೆಗೆ ನಾಲ್ಕು ದಿನ ರಜೆ ಮಂಜೂರಾಗಿದೆ. ಆದೇಶವನ್ನು ಇಂದು ಬೆಳಗ್ಗೆ ಅವರ ಖಾಲಿ ಬೆನ್ನಿನ ಮೇಲೆಯೇ ಕೆಂಪು ಮಾರ್ಕರ್‌ನಿಂದ ಬರೆದು ಸಹಿ ಮಾಡಲಾಯಿತು. (ದಾರ ಸಾಲದೆ ಬಂದದ್ದರಿಂದ ಅಕ್ಷರಗಳು ಓರೆಯಾಗಿವೆ.) ತಮ್ಮ ಬೆನ್ನು ತಾವೇ ಓದಲಾಗದೆ ಅವರು ಏನೆಂದು ಕೇಳಿದಾಗ ಇಡೀ ವಾರ್ಡು ಓದಿ ಹೇಳಿತು. ಅವರ ಸೋಂಕು ತಪಾಸಣೆಯ ವರದಿ ಬಂದಿದೆ, ಸೋಂಕಿಲ್ಲ. ಪ್ರಯೋಗಾಲಯದ ತಂತ್ರಜ್ಞರು ಇಂದು ‘ಬಂದಿದೆ ಅಂದ್ರೆ ಬಂದಿದೆ’ ಎಂದು ಬರೆಸಿಕೊಂಡಿದ್ದಾರೆ. ದೊಡ್ಡ ಸಿಸ್ಟರ್ ಅವರ ಕೆಲಸ ಹಂಚಿಕೊಳ್ಳಲು ಮೂವರು ಶುಶ್ರೂಷಕಿಯರ ಒಪ್ಪಿಗೆಯೂ ಬೆನ್ನುಗಳ ಮೂಲಕ ಬಂದಿರುತ್ತದೆ: ‘ಮೊದ್ಲು ಅವ್ರನ್ನ ಕಳ್ಸಿ. / ಆಮೇಲೆ ನಮ್ದು ನೋಡೋಣ. / ನಮ್ದನ್ನ ಮರೀಬೇಡಿ ಮತ್ತೆ.’ ಮರೆಯುವುದಿಲ್ಲ.

ಸಹಿ/-
ಆಡಳಿತಾಧಿಕಾರಿ
(ಗುರುವಾರದಿಂದ ಭಾನುವಾರದವರೆಗೆ: ಹೊಸಬರು, ನೀರು ವಿಭಾಗ)

ಪ್ರತಿಗಳು:
೧. ಉಡುಪು ಸುಡುವ ಘಟಕಕ್ಕೆ: ಇಂದಿನ ಕೆಂಪಕ್ಷರದ ಉಡುಪನ್ನು ಎಲ್ಲರೂ ಓದಿಯಾದ ಮೇಲಷ್ಟೇ ಸುಡಲು.
೨. ಅರಿವಳಿಕೆ ತಜ್ಞರಿಗೆ: ಮನವಿ ಪರಿಶೀಲನೆಯಲ್ಲಿದೆ. ಅಲ್ಲಿಯವರೆಗೆ ಕೂರಬಹುದು.
೩. ಟಪಾಲು ಗುಮಾಸ್ತರಿಗೆ: ಅವರು ನಿನ್ನೆ ಬಳಸಿದ ಪದಗಳನ್ನು ಸ್ವೀಕರಿಸಲಾಗಿದೆ.
೪. ಹಿರಿಯ ಶುಶ್ರೂಷಕಿಯವರ ಮಗಳಿಗೆ, ಅಜ್ಜಿಯ ಮೂಲಕ: ಗುರುವಾರ ಬೆಳಗ್ಗೆ ಹತ್ತು ಗಂಟೆಗೆ ಬಾಗಿಲು ತೆರೆಯುವ ಸೂಕ್ತ ಕ್ರಮಕ್ಕಾಗಿ. ಬರುವವರು ಮುಖದೊಂದಿಗೇ ಬರುವುದರಿಂದ, ಹಿಂದೆ ತಿರುಗಿಸಿ ನೋಡುವ ಅಗತ್ಯವಿರುವುದಿಲ್ಲ.