ದಾರದ ಮಷೀನು ಸದ್ದು ಮಾಡಿದರೆ

ಕೆಲವರ ಮನೆಗೆ ಮಿಕ್ಸಿ ಬಂದರೆ ಅದು ಮಿಕ್ಸಿಯಾಗಿಯೇ ಇರುತ್ತದೆ, ಫ್ಯಾನು ಬಂದರೆ ಫ್ಯಾನಾಗಿಯೇ ಇರುತ್ತದೆ. ನನ್ನ ಹಣೆಬರಹ ಹಾಗಲ್ಲ. ನಾನು ತಂದ ಯಾವ ವಸ್ತುವೂ ತಂದ ಕೆಲಸವನ್ನು ಮಾಡಿದ್ದಿಲ್ಲ. ಗಿಣಿಗೇರಾದ ಕಬ್ಬಿಣದ ಕಾರ್ಖಾನೆಯಲ್ಲಿ ಲಾರಿ ತೂಗುವ ಕಾಟಾದ ಮುಂದೆ ಕೂತು ನನ್ನ ಹರೆಯವೆಲ್ಲ ಕಳೆಯಿತು. ಅಲ್ಲಿ ಒಂದು ಬುಟ್ಟಿ ಅದಿರು ಹೆಚ್ಚುಕಡಿಮೆ ಆದರೂ ನನ್ನ ಕಣ್ಣು ತಪ್ಪುತ್ತಿರಲಿಲ್ಲ. ಆದರೆ ಮನೆಗೆ ಒಂದು ಹುಲ್ಲು ಕತ್ತರಿಸುವ ಮಷೀನು ತಂದು ನಾನು ಪಟ್ಟ ಪಾಡಿದೆಯಲ್ಲ, ಅದನ್ನು ತೂಗುವ ಕಾಟಾ ಇನ್ನೂ ಎಲ್ಲೂ ಬಂದಿಲ್ಲ.

೧. ಡಾಕ್ಟರ ಮಾತು

ಕೊಪ್ಪಳದ ಹೊರಗೆ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದೆವು. ಮನೆ ಸಣ್ಣದು, ಅಂಗಳ ದೊಡ್ಡದು. ಮೊದಲ ಮಳೆಗೇ ಅಂಗಳದ ತುಂಬ ಪಾರ್ಥೇನಿಯಂ ಎದ್ದು ನಿಂತಿತು. ಅದಕ್ಕೆ ನಮ್ಮ ಕಡೆ ಇನ್ನೊಂದು ಹೆಸರಿದೆ. ರಾಜಕೀಯ ಬೇಡ ಅಂತ ಬಿಟ್ಟಿದ್ದೇನೆ. ಅದು ಬಿಳಿ ಹೂವು ಬಿಟ್ಟಿದ್ದೇ ತಡ, ನನ್ನ ಹೆಂಡತಿಗೆ ಉಬ್ಬಸ ಶುರುವಾಯಿತು. ಎದೆಯೊಳಗೆ ಯಾರೋ ಪೀಪಿ ಊದಿದ ಹಾಗೆ ಸುಂಯ್ ಸುಂಯ್ ಸದ್ದು. ಮಲಗಿದರೆ ಉಸಿರು ಸಿಗದು. ದಿಂಬಿಗೆ ಒರಗಿ ಕೂತೇ ಇರುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಆ ಸದ್ದು ಕೇಳುತ್ತಿದ್ದೆ. ಕೇಳಿಸಿದರೂ ಭಯ, ಕೇಳಿಸದಿದ್ದರೆ ಇನ್ನೂ ಭಯ.

ಕಸ ಕೀಳಲು ಕರೆದ ಹೆಂಗಸರು ಗೇಟಿನಲ್ಲೇ ನಿಂತು, "ಇದನ್ನ ಮುಟ್ಟಿದ್ರ ಮೈಯೆಲ್ಲಾ ತುರಸ್ತೈತ್ರಿ, ಒಲ್ಲೆವ್ರಿ" ಅಂತ ಹೊರಟುಹೋದರು. ನಾನೇ ಕುರ್ಪಿ ಹಿಡಿದು ಬಗ್ಗಿದೆ. ಬಗ್ಗಿದವನನ್ನು ಎಬ್ಬಿಸಲು ಇಬ್ಬರು ಬೇಕಾದರು.

ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, ಗಂಭೀರವಾಗಿ ಹೇಳಿದರು: "ನೋಡ್ರಿ, ಇಲ್ಲಾ ಆ ಕಸ ಮನಿ ಬಿಡಬೇಕು, ಇಲ್ಲಾ ಇವರು ಮನಿ ಬಿಡಬೇಕು. ಎರಡೂ ಕೂಡಿ ಬಾಳಾಕ ಆಗಂಗಿಲ್ಲ."

ನನ್ನ ಹೆಂಡತಿ ಉಸಿರು ಹಿಡಿದು ಹಿಡಿದು ಹೇಳಿದಳು: "ಮನಿ... ನನ್ನ ಹೆಸರ್ಲೆ ಐತ್ರಿ. ಕಸಕ್ಕ... ನೋಟೀಸ್ ಕೊಡ್ರಿ."

೨. ಅಗ್ಗದ್ದು ಎಲ್ಲಿದೆ

ಬ್ಲೇಡಿನ ಬದಲು ನೈಲಾನ್ ದಾರ ಗಿರ್ರನೆ ತಿರುಗಿ ಹುಲ್ಲು ಕೊಯ್ಯುವ ಮಷೀನು ಬಂದಿದೆ, ನಿಂತೇ ಕೊಯ್ಯಬಹುದು ಅಂತ ಕಾರ್ಖಾನೆಯ ಗೆಳೆಯನೊಬ್ಬ ಹೇಳಿದ. ನನ್ನ ಸೊಂಟಕ್ಕೂ ಜೇಬಿಗೂ ಒಗ್ಗುವಂಥದ್ದು ಬೇಕಾಗಿತ್ತು.

ಕೊಪ್ಪಳದ ಅಂಗಡಿಯವನು ಎಲ್ಲಕ್ಕಿಂತ ಅಗ್ಗದ್ದು ಅಂತ ಪ್ಲಗ್ ಹಾಕುವ ಮಷೀನು ತೋರಿಸಿದ.

"ಕರೆಂಟ್ ಹೋದ್ರ?" ಅಂತ ಕೇಳಿದೆ.

"ನಿಂದರತೈತ್ರಿ."

"ನಮ್ಮ ಕಡೆ ಕರೆಂಟ್ ಯಾವಾಗ್ಲೂ ಹೋಗೇ ಇರ್ತೈತಲ್ಲೋ ಮಾರಾಯಾ."

"ಹಂಗಂತ ಫ್ಯಾನ್ ತಗೊಳ್ಳೂದು ಬಿಟ್ಟೀರೇನ್ರಿ?" ಅಂದ.

ಬ್ಯಾಟರಿಯದೂ ಇತ್ತು. ಅವನೇ ಪ್ರಾಮಾಣಿಕವಾಗಿ, "ಇದು ಗಡ್ಡ ಬೋಳಿಸಾಕ ಛಲೋ ಐತಿ, ಕಸಕ್ಕಲ್ಲ" ಅಂದ.

ಗಂಗಾವತಿಗೆ ಹೋದೆ. ಅಲ್ಲಿ ಕಾಲುವೆ ನೀರಿನ ಸೀಮೆ, ಭತ್ತದ ಸೀಮೆ, ಮಷೀನಿನ ಅಂಗಡಿಗೆ ಬರವಿಲ್ಲ. ಅಂಗಡಿಯ ಮಾಲೀಕ ಕುರ್ಚಿ ಹಾಕಿಸಿ, ಚಹಾ ತರಿಸಿ, "ಎಷ್ಟು ಎಕರೆ ರೀ ನಿಮ್ಮದು?" ಅಂದ. ಮನೆಯ ಅಂಗಳ ಅಂದೆ. ಚಹಾ ಹಿಡಿದ ಅವನ ಕೈ ಹಾಗೇ ನಿಂತಿತು. "ಅಂಗಳಕ್ಕ ಮಷೀನ್ ಯಾಕ್ರೀ? ಒಂದು ಆಡು ಕಟ್ರಿ."

"ಪಾರ್ಥೇನಿಯಂ ರೀ ಅದು. ಆಡು ಮೂಸಿ ಸುದ್ದಾ ನೋಡಂಗಿಲ್ಲ."

"ಆಡು ಬಿಟ್ಟದ್ದನ್ನ ನೀವು ಯಾಕ ಹಿಡೀತೀರಿ?" ಅಂತ ಕೈ ಮುಗಿದ.

ಕೊನೆಗೆ ಕುಷ್ಟಗಿಯ ಒಬ್ಬ ದಾಳಿಂಬೆ ತೋಟದವನ ಹತ್ತಿರ ಹಳೆಯ ಪೆಟ್ರೋಲ್ ಮಷೀನು ಸಿಕ್ಕಿತು. ಅಗ್ಗ, ಗಟ್ಟಿ, ಬೆಲ್ಟು ಹಾಕಿ ಹೆಗಲಿಗೆ ತೂಗುಹಾಕಿಕೊಳ್ಳಬಹುದು. ದೋಷ ಒಂದೇ, ಸದ್ದು ಭಾರಿ. ಹಗ್ಗ ಎಳೆದು ಚಾಲೂ ಮಾಡಿ ತೋರಿಸಿದಾಗ ತೋಟದ ಗಿಳಿಗಳೆಲ್ಲ ಹಾರಿಹೋದವು. "ಯಾಕ ಮಾರಾಕ ಹತ್ತೀರಿ?" ಅಂದೆ.

"ಗಿಳಿ ಹಾರತಾವಂತ ಖುಷಿ ಇತ್ತು ರೀ," ಅಂದ ಅವನು. "ಈಗ ಆಳುಗಳೂ ಹಾರಾಕ ಹತ್ಯಾರ."

೩. ಮೊದಲ ಪ್ರಯೋಗ

ಭಾನುವಾರ ಬೆಳಿಗ್ಗೆ ಬೆಲ್ಟು ಹಾಕಿಕೊಂಡು ಅಂಗಳಕ್ಕೆ ಇಳಿದೆ. ಹೆಂಡತಿ ಕಿಟಕಿಯಲ್ಲಿ ಕೂತು ನೋಡುತ್ತಿದ್ದಳು. ಅವಳ ಮುಖದಲ್ಲಿ ಎಷ್ಟೋ ದಿನಕ್ಕೆ ನಗು ಕಂಡಿತ್ತು. ಮಷೀನು ಚಾಲೂ ಆಯಿತು, ದಾರ ತಿರುಗಿತು, ಪಾರ್ಥೇನಿಯಂ ನುಚ್ಚುನೂರಾಗಿ ಹಾರಿತು.

ಹಾರಿದ್ದು ಎಲ್ಲಿಗೆ ಅಂತ ನಾನು ನೋಡಲಿಲ್ಲ. ಆ ಹೂವಿನ ಪುಡಿಯೆಲ್ಲ ಮೋಡದಂತೆ ಎದ್ದು ನೆಟ್ಟಗೆ ಕಿಟಕಿಯೊಳಗೆ ಹೋಗಿತ್ತು. ಮಷೀನು ನಿಲ್ಲಿಸಿ ತಿರುಗಿ ನೋಡಿದರೆ ಅವಳು ಕಿಟಕಿಯ ಸರಳು ಹಿಡಿದು, ಬಾಯಿ ತೆರೆದು, ಗಾಳಿಗಾಗಿ ಒದ್ದಾಡುತ್ತಿದ್ದಳು. ತುಟಿ ನೀಲಿಯಾಗಿತ್ತು. ಆಟೋದಲ್ಲಿ ಆಸ್ಪತ್ರೆಗೆ ಹೋಗುವಷ್ಟರಲ್ಲಿ ನನ್ನ ಜೀವವೇ ಅರ್ಧ ಹೋಗಿತ್ತು. ಆ ದಿನದ ಮಟ್ಟಿಗೆ ನನಗೆ ನಗಲು ಏನೂ ಇಲ್ಲ.

ಮೂಗಿಗೆ ಮಾಸ್ಕು ಹಾಕಿ, ಅವಳ ಉಸಿರು ಹತೋಟಿಗೆ ಬಂದ ಮೇಲೆ ಡಾಕ್ಟರು ನನ್ನನ್ನು ಹೊರಗೆ ಕರೆದರು. "ಅವರು ಮನಿಯಾಗ ಇದ್ದಾಗ ಆ ಮಷೀನ್ ಮುಟ್ಟಬ್ಯಾಡ್ರಿ. ಅವರು ಎಲ್ಲೆರ ಊರಿಗೆ ಹೋದಾಗ ನೀರು ಹೊಡದು ಕತ್ತರಿಸಿ, ಗುಂಡ್ಯಾಗ ಹಾಕಿ ಮುಚ್ಚ್ರಿ."

ತವರು ಯಲಬುರ್ಗಾ ತಾಲೂಕಿನ ಬೇವೂರಿಗೆ ಹೋಗು ಅಂತ ಆಕೆಗೆ ಎಷ್ಟೋ ಹೇಳಿದೆ.

"ನಾನು ಇದ್ದಾಗನಽ ಹಿಂಗ ಮಾಡಿದ್ರಿ," ಅಂದಳು. "ಇಲ್ದಾಗ ಏನ್ ಮಾಡ್ತೀರೋ!"

೪. ಮಷೀನಿಗೆ ಕೆಲಸ ಸಿಕ್ಕಿತು

ಹೀಗೆ ಮಷೀನು ಮೂಲೆ ಸೇರಿತು. ಅಷ್ಟರಲ್ಲಿ ನಮ್ಮ ಓಣಿಯ ಒಬ್ಬ ಹಿರಿಯರು ತೀರಿಕೊಂಡರು. ನಮ್ಮಲ್ಲಿ ಹೂಳುವ ಪದ್ಧತಿ. ಬಡಾವಣೆಯ ರುದ್ರಭೂಮಿಯಲ್ಲಿ ಮಳೆಗಾಲದಲ್ಲಿ ಕಸ ಎದೆಮಟ ಬೆಳೆದು, ಗುಂಡಿ ತೋಡುವ ಜಾಗವೂ ಕಾಣುತ್ತಿರಲಿಲ್ಲ. ಜನ ನನ್ನ ಮನೆಗೆ ಬಂದರು. "ನಿಮ್ಮ ಮಷೀನ್ ಐತಲ್ರಿ, ಸ್ವಲ್ಪ ದಾರಿ ಮಾಡಿ ಕೊಡ್ರಿ."

ಸಾವಿನ ಮನೆಯವರಿಗೆ ಇಲ್ಲ ಅನ್ನಲು ಬಾಯಿ ಬರುತ್ತದೆಯೇ? ಆ ಹಟಮಾರಿ ಮಷೀನು ನನ್ನ ಕೈಗೆ ಬಿಟ್ಟರೆ ಬೇರೆಯವರ ಕೈಗೆ ಚಾಲೂ ಆಗುತ್ತಲೂ ಇರಲಿಲ್ಲ. ಹೋದೆ. ಸತ್ತವರ ಮನೆ ಮುಂದೆ ಟೆಂಟಿನ ಜಾಗ ಸವರಿದೆ, ರುದ್ರಭೂಮಿಗೆ ದಾರಿ ಸವರಿದೆ. ಮುಂದೆ ಅದೇ ರೂಢಿಯಾಯಿತು. ಎದುರು ಮನೆಯ ದರ್ಜಿ ಚಾಚಾ ಕೂಡ ಒಂದು ದಿನ ಬಂದು, "ಅಣ್ಣಾ, ಕಬರಸ್ತಾನಕ್ಕೂ ಒಂದೀಟು ಮೆಹರ್ಬಾನಿ ಮಾಡ್ರಿ" ಅಂದ. ಅಲ್ಲಿಗೂ ಹೋದೆ. ನನ್ನ ಅಂಗಳದಲ್ಲಿ ಕಸ ಹಾಗೇ ಇತ್ತು. ಊರಿನ ಎರಡೂ ಮಸಣ ಕನ್ನಡಿಯ ಹಾಗೆ ಹೊಳೆಯುತ್ತಿದ್ದವು.

ದೂರದಲ್ಲಿ ಮಷೀನಿನ ಸದ್ದು ಕೇಳಿದರೆ ಸಾಕು, ಹೆಂಗಸರು ಒಲೆ ಆರಿಸಿ, "ಯಾರು ಹೋದ್ರೋ ಏನೋ" ಅಂತ ಸೆರಗು ಸರಿಮಾಡಿಕೊಂಡು ಹೊರಡುತ್ತಿದ್ದರು. ಒಮ್ಮೆ ನಾನು ಮಷೀನಿಗೆ ಪೆಟ್ರೋಲ್ ಹಾಕಿಸಲು ಬಂಕಿಗೆ ಹೋದೆ. ಸಾಲಿನಲ್ಲಿ ಮುಂದೆ ಇದ್ದವರೆಲ್ಲ ಸರಿದು ಜಾಗ ಬಿಟ್ಟರು.

"ನೀವು ಮೊದ್ಲ ಹಾಕಿಸ್ರಿ," ಅಂದರು. "ಪಾಪ, ಅಲ್ಲಿ ಅವರು ಕಾಯಾಕ ಹತ್ತಿರತಾರ."

೫. ಆರೋಗ್ಯ ವಿಚಾರಿಸಿದ್ದು

ಓಣಿಯ ತುದಿಯ ಮನೆಯ ಅಜ್ಜ ಹಾಸಿಗೆ ಹಿಡಿದಿದ್ದ. ಸುಮ್ಮನೆ ಮಾತಾಡಿಸಿ ಬರೋಣ ಅಂತ ಬರಿಗೈಯಲ್ಲೇ ಹೋದೆ. ಬಾಗಿಲಲ್ಲಿ ನನ್ನನ್ನು ನೋಡಿದ್ದೇ ಅಜ್ಜ ಕಂಬಳಿ ಒದ್ದು ಎದ್ದು ಕೂತ.

"ಮಷೀನ್ ಎಲ್ಲಿ ಇಟ್ಟಿ?"

"ತಂದಿಲ್ಲಜ್ಜಾ. ಆರಾಮ ಅದಿಯೇನು ಅಂತ ಕೇಳಾಕ ಬಂದೆ."

"ಅಳತಿ ನೋಡಾಕ ಬಂದಿ ನೀನು. ನಡಿ, ಹೊರಗ ನಡಿ!" ಅಂತ ಕೋಲು ಹಿಡಿದು, ಗೇಟಿನ ತನಕ ನನ್ನನ್ನು ಅಟ್ಟಿಸಿಕೊಂಡು ಬಂದ. ಮನೆಮಂದಿಯೆಲ್ಲ ಬಾಯಿ ತೆರೆದು ನಿಂತಿದ್ದರು. ಅಜ್ಜ ಎಷ್ಟೋ ದಿನದಿಂದ ನೆಲಕ್ಕೆ ಕಾಲು ಊರಿರಲಿಲ್ಲವಂತೆ.

ಅವಮಾನದಿಂದ ತಲೆತಗ್ಗಿಸಿ ಹೊರಟಿದ್ದೆ. ಅಜ್ಜನ ಮಗ ಹಿಂದೆಯೇ ಓಡಿಬಂದು ಕೈ ಹಿಡಿದುಕೊಂಡ.

"ನಾಳಿನೂ ಬರ್ರಿ," ಅಂದ. "ಇವತ್ತ ಗೇಟಿನ ತನಕ ಬಂದಾನ, ನಾಳಿ ಬಸ್ ಸ್ಟ್ಯಾಂಡ್ ತನಕ ಅಡ್ಡಾಡ್ತಾನ."

೬. ನಮ್ಮ ಮನೆಯ ಸರದಿ

ಆ ವರ್ಷದ ಮಳೆ ನಿಂತ ಮೇಲೆ ಕಸ ಮತ್ತೆ ಹೂಬಿಟ್ಟಿತು. ಹೆಂಡತಿಗೆ ಉಸಿರು ಕಟ್ಟಿತು. ಈ ಸಲ ಹಿಂದೆಂದೂ ಇಲ್ಲದ ಹಾಗೆ ಕಟ್ಟಿತು. ಓಣಿಯ ಜನ ನೋಡುತ್ತಿದ್ದ ಹಾಗೆಯೇ ಅವಳನ್ನು ಎತ್ತಿ ಆಟೋದಲ್ಲಿ ಹಾಕಿದೆವು. ಆಸ್ಪತ್ರೆಯಲ್ಲಿ ಡಾಕ್ಟರು ಏನೂ ಹೇಳದೆ ಓಡಾಡುತ್ತಿದ್ದರು. ಬೇವೂರಿನಿಂದ ಅವಳ ತಮ್ಮ ಬಂದ. ಅವನೂ ನಾನೂ ಬೆಂಚಿನ ಮೇಲೆ ಕೂತೆವು. ಇವಳಿಲ್ಲದ ಮನೆ ಹೇಗಿರುತ್ತದೆ ಅಂತ ಯೋಚನೆ ಬಂತು. ಆ ಯೋಚನೆಯನ್ನು ಮುಂದಕ್ಕೆ ಹೋಗಗೊಡಲಿಲ್ಲ.

ದೇವರು ದೊಡ್ಡವನು, ಉಸಿರು ತಿಳಿಯಾಯಿತು. "ಸಂಜಿಗೆ ಕರಕೊಂಡ ಹೋಗ್ರಿ," ಅಂದರು ಡಾಕ್ಟರು. "ಆದ್ರ ಆ ಕಸ ಅಲ್ಲೇ ಇದ್ರ ಮುಂದಿನ ಸಲ ನನ್ನ ಕಡೆ ತರಬ್ಯಾಡ್ರಿ. ನನ್ನ ಕೈಯಾಗ ಏನೂ ಇರಂಗಿಲ್ಲ."

ತಮ್ಮನನ್ನು ಅವಳ ಹತ್ತಿರ ಬಿಟ್ಟು ಮನೆಗೆ ಓಡಿದೆ. ಅವಳು ಮನೆಯಲ್ಲಿಲ್ಲದ ಹೊತ್ತು ಸಿಕ್ಕಿದ್ದು ಈಗಲೇ. ಕಸಕ್ಕೆ ನೀರು ಹೊಡೆದೆ, ಮುಖಕ್ಕೆ ಟವೆಲ್ ಸುತ್ತಿಕೊಂಡೆ, ಕಿವಿಗೆ ಹತ್ತಿ ತುರುಕಿ ಮಷೀನು ಚಾಲೂ ಮಾಡಿದೆ.

ಹೆಂಡತಿ ಆಸ್ಪತ್ರೆಯಲ್ಲಿ, ಮಷೀನು ನಮ್ಮ ಮನೆಯಲ್ಲಿ. ಓಣಿಗೆ ಇನ್ನೇನು ಬೇಕು? ಮೊದಲು ದರ್ಜಿ ಚಾಚಾ ಗೇಟಿಗೆ ಬಂದು ಇಣುಕಿದ. ಕಸದ ಘಾಟಿಗೆ ನನ್ನ ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. ಅವನು ಎದೆಯ ಮೇಲೆ ಕೈಯಿಟ್ಟುಕೊಂಡು ವಾಪಸು ಹೋದ. ಆಮೇಲೆ ಇಬ್ಬರು, ಆಮೇಲೆ ಹತ್ತು ಮಂದಿ. ಹೆಂಗಸರು ಮನೆ ಮುಂದೆ ಕೂತರು. ಯಾರೋ ಹೂವಿನ ಹಾರ ತಂದರು. ಅಷ್ಟೊತ್ತಿಗೆ ಮುಂದಿನ ಅಂಗಳ ಮುಗಿಸಿ ಹಿತ್ತಲಿಗೆ ಹೋಗಿದ್ದ ನಾನು ಅಲ್ಲಿಂದಲೇ ಜನ ಸೇರಿದ್ದನ್ನು ನೋಡಿದೆ. ಅಯ್ಯೋ, ಯಾರೋ ಹೋಗಿದ್ದಾರೆ, ಮಷೀನಿಗೆ ಬಂದಿದ್ದಾರೆ ಅಂದುಕೊಂಡು ಕೂಗಿ ಹೇಳಿದೆ: "ಸ್ವಲ್ಪ ತಡೀರಿ, ನಮ್ಮದು ಮುಗಿಸಿ ಬಂದುಬಿಡ್ತೀನಿ!"

ಅದಕ್ಕೆ ಹೆಂಗಸರು ಗೊಳೋ ಅಂತ ಅತ್ತರಂತೆ. ಕಿವಿಯಲ್ಲಿ ಹತ್ತಿ, ನನಗೆ ಕೇಳಿಸಲಿಲ್ಲ.

ಕತ್ತರಿಸಿದ್ದು ಮುಗಿಸಿ ಗುದ್ದಲಿ ಹಿಡಿದು ಗುಂಡಿ ತೋಡತೊಡಗಿದೆ. ಚಾಚಾ ಮೆಲ್ಲಗೆ ಬಂದು ಹೆಗಲ ಮೇಲೆ ಕೈಯಿಟ್ಟ. ಹತ್ತಿ ತೆಗೆದೆ.

"ಅಣ್ಣಾ, ಹಿತ್ತಲದಾಗ ಬ್ಯಾಡ. ಮುನಿಸಿಪಾಲ್ಟಿಯವರು ಒಪ್ಪಂಗಿಲ್ಲ."

"ಅವರನ್ನೇನು ಕೇಳೂದು ಚಾಚಾ? ಇಲ್ಲೇ ಮುಚ್ಚಿ, ಮ್ಯಾಲೆ ಬದನಿ ಗಿಡ ಹಚ್ಚಿಬಿಡ್ತೀನಿ."

ಚಾಚಾ ಕಣ್ಣೊರೆಸಿಕೊಂಡು ಹೋಗಿ, ತಲೆ ಪೂರ್ತಿ ಕೆಟ್ಟಿದೆ ಅಂತ ಎಲ್ಲರಿಗೂ ಹೇಳಿದ.

ಅಷ್ಟರಲ್ಲಿ ಆಟೋ ಬಂತು. ತಮ್ಮ ಆಟೋದವನಿಗೆ ಹಣ ಕೊಡುತ್ತಿರುವಾಗಲೇ ನನ್ನ ಹೆಂಡತಿ ಇಳಿದಳು. ಮನೆ ಮುಂದೆ ಜನ, ಹಾರ, ಅಳುವ ಹೆಂಗಸರು, ನಾನು ಕಾಣಲಿಲ್ಲ. ಅವಳಿಗೆ ಬೇರೇನು ಹೊಳೆದೀತು? ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಎದೆ ಬಡಿದುಕೊಳ್ಳುತ್ತ ಹೆಂಗಸರ ನಡುವೆ ಬಿದ್ದಳು. ಸತ್ತವಳ ತಂಗಿ ಬೇವೂರಿನಿಂದ ಬಂದಳು ಅಂದುಕೊಂಡು ಅವರೂ ಕೊರಳಿಗೆ ಬಿದ್ದು ಅತ್ತರು.

"ನನ್ನ ದೊರಿಯೇ, ನನ್ನ ಸಲುವಾಗಿ ಬಿಸಲಾಗ ಬೆಂದ್ಯಲ್ಲೋ! ಒಂದ ದಿನಾ ಎದುರು ಮಾತಾಡಲಿಲ್ಲಲ್ಲೋ!"

ಹಿತ್ತಲಿಗೆ ಆ ದನಿ ಕೇಳಿಸಿತು. ಇಷ್ಟು ವರ್ಷ ಬಾಳಿದರೂ ಆಕೆಯ ಬಾಯಲ್ಲಿ ಇಂಥ ಹೊಗಳಿಕೆ ಕೇಳಿದವನಲ್ಲ. ಗುದ್ದಲಿ ಬಿಟ್ಟು ಮುಂದೆ ಓಡಿಬಂದು ಟವೆಲ್ ಬಿಚ್ಚಿದೆ.

ಅವಳು ಸೆರಗು ಸರಿಸಿ ನನ್ನನ್ನು ನೋಡಿದಳು. "ಬದುಕೀರೇನು ನೀವು?"

"ಬದುಕೀನಿ."

"ಹಂಗಾರ ಇಲ್ಲಿ ಸತ್ತೋರ್ಯಾರು?"

ಅವಳ ಕೊರಳಿಗೆ ಬಿದ್ದಿದ್ದ ಮುದುಕಿಯೊಬ್ಬಳು ಮೆಲ್ಲಗೆ ಕೈ ತೆಗೆದು, "ನೀನಽ ಅಂತ ಅನಕೊಂಡಿದ್ವಿ, ಯವ್ವಾ" ಅಂದಳು.

ನಾನು ಅವಳ ಉಸಿರನ್ನೇ ಕೇಳುತ್ತ ನಿಂತಿದ್ದೆ. ಅಷ್ಟು ಎದೆ ಬಡಿದುಕೊಂಡು ಅತ್ತಿದ್ದಳು, ಒಂದು ಸಣ್ಣ ಸುಂಯ್ ಕೂಡ ಇಲ್ಲ. ಅಂಗಳದಲ್ಲಿ ಒದ್ದೆ ಮಣ್ಣು ಬಿಟ್ಟರೆ ಏನೂ ಉಳಿದಿರಲಿಲ್ಲ. ನಾನು ಕಟ್ಟೆಯ ಮೇಲೆ ಕೂತು, ಇಷ್ಟು ದಿನ ಅಳದೇ ಇದ್ದದ್ದನ್ನೆಲ್ಲ ಅತ್ತುಬಿಟ್ಟೆ.

ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ ಅಂತ ಓಣಿಯವರು ಆಗಲೇ ಬುಟ್ಟಿ ತುಂಬ ರೊಟ್ಟಿ, ಝುಣಕ ತಂದಿಟ್ಟಿದ್ದರು. ಆಸ್ಪತ್ರೆಯ ಗಂಜಿ ಕುಡಿದು ಸಾಕಾಗಿದ್ದ ನನ್ನ ಹೆಂಡತಿ ಬುಟ್ಟಿ ಎಳೆದುಕೊಂಡು ಉಣ್ಣಲು ಕೂತಳು. ಮುದುಕಿಗೆ ಸಂಕಟವಾಯಿತು.

"ಅದು ನಿನಗಂತ ತಂದಿದ್ದಲ್ಲವ್ವಾ. ಹೇಂತಿ ಹೋದಾಂವ, ಪಾಪ ಅಂತ ನಿನ್ನ ಗಂಡಗ ತಂದಿದ್ವಿ."

ನನ್ನ ಹೆಂಡತಿ ಇನ್ನೊಂದು ರೊಟ್ಟಿ ಮುರಿಯುತ್ತ ಹೇಳಿದಳು: "ಅವರಿಗ್ಯಾಕ ಬೇ? ಅವರ ಹೇಂತಿ ಇನ್ನಾ ಬದುಕ್ಯಾಳ, ಮಾಡಿ ಹಾಕ್ತಾಳ."