ಅತ್ತೆಯ ಲಕ್ಷ ಮಕ್ಕಳು

ನಮ್ಮ ಸೋದರತ್ತೆಗೆ ಲಕ್ಷಗಟ್ಟಲೆ ಮಕ್ಕಳು ಎಂದರೆ ನೀವು ನಂಬುವುದಿಲ್ಲ. ಮದುವೆಯೇ ಆಗಿಲ್ಲ ಎಂದರೆ ಇನ್ನೂ ನಂಬುವುದಿಲ್ಲ! ಎರಡೂ ನಿಜ. ಮಾಲೂರಿನಿಂದ ದಿನಾ ರೈಲು ಹತ್ತಿ ಬೆಂಗಳೂರಿನ ಪ್ರಯೋಗಾಲಯವೊಂದಕ್ಕೆ ಹೋಗಿ, ತಟ್ಟೆಗಳಲ್ಲಿ ಜೀವಕೋಶ ಸಾಕುವುದು ಅವರ ಕೆಲಸವಾಗಿತ್ತು. ಸಾಕುತ್ತಿದ್ದದ್ದು ಮುದ್ದಿಗಲ್ಲ, ವಿಕಿರಣ ಬಿಟ್ಟು ನೋಡುವುದಕ್ಕೆ. ಎಂಥ ತಾಯಿ!

ಗೌನಿಪಲ್ಲಿಯಲ್ಲಿ ನನ್ನ ಮದುವೆ. ಧಾರೆಯ ಹೊತ್ತಿಗೆ ಸರಿಯಾಗಿ ಅತ್ತೆ ಎದ್ದುಬಿಟ್ಟರು. "ಮಕ್ಕಳು ಹಸ್ಕೊಂಡಿರ್ತಾವೆ ಕಣೇ, ಬರ್ತೀನಿ."

ಗಂಡಿನ ಕಡೆಯ ಅಜ್ಜಿ ತೆಲುಗಿನಲ್ಲಿ ಪಕ್ಕದವರ ಕಿವಿ ಕಚ್ಚಿದರು: "ಪೆಂಡ್ಲಿ ಕಾಲೇದಂಟ, ಪಿಲ್ಲಲು ಎಕ್ಕಡ್ನುಂಚಿ?" ಮದುವೆಯಾಗದವಳಿಗೆ ಮಕ್ಕಳೆಲ್ಲಿಂದ?

"ತಟ್ಟೇಲಿ!" ಎಂದು ಕೂಗಿ ಅತ್ತೆ ಬಸ್ಸು ಹಿಡಿದರು. ಆ ಅಜ್ಜಿಗೆ ಇವತ್ತಿಗೂ ನಮ್ಮ ವಂಶದ ಮೇಲೆ ಅನುಮಾನ.

ರೈಲಿನಲ್ಲಿ ಅವರೆಕಾಯಿ ಸುಲಿಯುತ್ತಾ ಕೂತ ಹೆಂಗಸರಿಗೂ ಅತ್ತೆಯ ಪಾಠ ತಪ್ಪುತ್ತಿರಲಿಲ್ಲ.

"ವಿಕಿರಣ ಬಿದ್ರೆ ಕೋಶದೊಳಗಿನ ಡಿಎನ್‌ಎ ದಾರ ಕಿತ್ತೋಗುತ್ತೆ. ಹೊಲ್ಕೊಳ್ಳೋದಾ, ಸಾಯೋದಾ ಅಂತ ಅದು ಯೋಚ್ನೆ ಮಾಡ್ತಿರುತ್ತೆ. ಅಷ್ಟೊತ್ಗೆ ಅಕ್ಕಪಕ್ಕದ ಕೋಶಗಳಿಂದ 'ಬೆಳಿ, ಬದುಕು' ಅಂತ ಒಂದು ರಸ ಬಂದ್ರೆ, ಎಷ್ಟೋ ಕೋಶ ಹೊಲ್ಕೊಂಡು ಎದ್ದೇಳ್ತಾವೆ."

"ಬರ್ದಿದ್ರೆ?"

"ಸುಮ್ನೆ ಹೋಗ್ಬಿಡ್ತಾವೆ."

"ನಮ್ಮನೇಲಿ ನನ್ನ ಯಾರೂ ಮಾತಾಡ್ಸಲ್ಲ ಮೇಡಂ. ನಾನು ಗುಂಡುಕಲ್ಲಿನಂಗೆ ಇಲ್ವಾ?" ಎಂದರು ಒಬ್ಬಾಕೆ. ಅತ್ತೆ ಆಕೆಯ ಮಡಿಲಿಂದ ಒಂದು ಹಿಡಿ ಅವರೆಕಾಯಿ ತೆಗೆದುಕೊಂಡು ತಾವೂ ಸುಲಿಯತೊಡಗಿದರು.

ನಿವೃತ್ತಿಯಾದ ಮೇಲೆ ಅತ್ತೆಯ ಗಂಟಲಿಗೇ ಕ್ಯಾನ್ಸರ್ ಬಂತು. ಅಳುವುದಿರಲಿ, ಡಾಕ್ಟರಿಗೇ ಪಾಠ ಶುರು! "ಈ ಕ್ಯಾನ್ಸರ್ ಕೋಶಗಳು ಕರೀದಿದ್ರೂ ಪಂಕ್ತೀಲಿ ಕೂರೋ ನೆಂಟರು. 'ಬೆಳಿ' ಅನ್ನೋ ಮಾತು ಇವಕ್ಕೆ ಜಾಸ್ತಿ ಕೇಳ್ಸುತ್ತೆ. ವಿಕಿರಣ ಕಿತ್ತಿದ್ದನ್ನೆಲ್ಲ ಹೊಲ್ಕೊಂಡು ಕೂರ್ತಾವೆ. ಮೊದ್ಲು ಅವುಗಳ ಕಿವಿ ಮುಚ್ಚೋ ಔಷಧಿ ಕೊಡಿ!"

"ಅದನ್ನೇ ಕೊಡ್ತಿರೋದು ತಾಯಿ, ನೀವು ಸ್ವಲ್ಪ ಬಾಯಿ ಮುಚ್ಚಿ" ಎಂದರಂತೆ ಡಾಕ್ಟರು.

ನಾನು ಬಂದು ಜೊತೆಗಿರುತ್ತೇನೆ ಎಂದರೆ, "ಶ್ರೀನಿವಾಸಪುರದಿಂದ ಬಂದು ಏನ್ ಮಾಡ್ತೀಯೇ? ನಂಗ್ಯಾರೂ ಬೇಡ" ಎಂದರು. ಆಸ್ಪತ್ರೆಗೆ ಒಬ್ಬರೇ ಹೋಗುತ್ತಿದ್ದರು, ಒಬ್ಬರೇ ಬರುತ್ತಿದ್ದರು. ಆಮೇಲೆ ವಿಕಿರಣಕ್ಕೆ ಬಾಯೆಲ್ಲ ಹುಣ್ಣಾಗಿ ಮಾತು ನಿಂತಿತು. ಫೋನೂ ನಿಂತಿತು. ನನಗೆ ಭಯವಾಗಿ ಮಾಲೂರಿಗೆ ಹೊರಟುಬಂದೆ.

ಅತ್ತೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ಅವರು ಏನೂ ತಿನ್ನುತ್ತಿಲ್ಲ, ಹೀಗೇ ತೂಕ ಇಳಿದರೆ ಚಿಕಿತ್ಸೆಯನ್ನೇ ನಿಲ್ಲಿಸಬೇಕಾಗುತ್ತದಂತೆ ಎಂದು ಪಕ್ಕದ ಮನೆಯವರು ಹೇಳಿದರು. ರಾಗಿ ಗಂಜಿ ಕಾಸಿ, ಆರಿಸಿ ಕೊಟ್ಟೆ. ಬೇಡ ಎಂದು ತಲೆಯಾಡಿಸಿದರು. ಆ ಮನೆಯಲ್ಲಿ ಗಡಿಯಾರ ಬಿಟ್ಟರೆ ಸದ್ದು ಮಾಡುವ ಇನ್ನೊಂದು ವಸ್ತು ಇರಲಿಲ್ಲ. ಇಷ್ಟು ಒಂಟಿಯಾಗಿ ಇವರು ಹೇಗಿದ್ದರೋ!

ಲೋಟ ಹಿಡಿದು ಪಕ್ಕದಲ್ಲೇ ಕೂತು ಊರ ಸುದ್ದಿ ತೆಗೆದೆ. ಯಾರ ಎಮ್ಮೆ ಯಾರ ಮಾವಿನ ತೋಪಿಗೆ ನುಗ್ಗಿತು, ಅದಕ್ಕೆ ಯಾರ ಜುಟ್ಟು ಯಾರ ಕೈಗೆ ಬಂತು. ಅತ್ತೆ ಈಚೆ ತಿರುಗಿದರು. ಎದ್ದು ಕೂತರು. ಒಂದು ಗುಟುಕು ಇಳಿಯಿತು, ಇನ್ನೊಂದು ಇಳಿಯಿತು. ಉರಿಗೆ ಕಣ್ಣಲ್ಲಿ ನೀರು ಬಂದರೂ ಲೋಟ ಬಿಡಲಿಲ್ಲ.

ಸುದ್ದಿ ಮುಗಿಯಿತು. ಅತ್ತೆ ಲೋಟ ಕೆಳಗಿಟ್ಟರು. ಗಂಜಿ ಇನ್ನೂ ಅರ್ಧ ಇತ್ತು.

ನಾನು ಸುಳ್ಳು ಹೇಳಲು ಶುರು ಮಾಡಿದೆ. "ಆ ಎಮ್ಮೆ ಈ ಸಲ ಪಂಚಾಯ್ತಿ ಎಲೆಕ್ಷನ್‌ಗೆ ನಿಂತೈತೆ ಅತ್ತೆ."

ಅತ್ತೆ ನನ್ನನ್ನೇ ನೋಡಿದರು. ಎಷ್ಟೋ ದಿನದಿಂದ ಕಟ್ಟಿದ್ದ ಗಂಟಲಿನಿಂದ ಸಣ್ಣ ದನಿಯೊಂದು ಹೊರಬಂತು.

"ಸುಳ್ಳಿ," ಎಂದರು. ಮತ್ತೆ ಲೋಟ ಎತ್ತಿಕೊಂಡರು. "ಆಮೇಲೆ?"